ಮೊದಲೇ ಬಂದ ಕುರ್ಚಿಗಳು

ಅವನು ವ್ಯಾನನ್ನು ತನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಎಂಜಿನ್ ಆರಿಸಿದ್ದ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಆದರೆ ಇಳಿಯಲು ಮನಸ್ಸು ಬಾರದೆ ಸೀಟಿನಲ್ಲೇ ಕೂತಿದ್ದ. ಇಳಿದರೆ ಹಿಂದಿನ ಬಾಗಿಲು ತೆಗೆಯಬೇಕಾಗುತ್ತದೆ. ತೆಗೆದರೆ ಒಳಗೆ ಮಡಿಚಿ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಕುರ್ಚಿಗಳು ಬೀದಿಗೆಲ್ಲ ಕಾಣುತ್ತವೆ. ಬೆಳಗಾಗುತ್ತಲೇ ಹೊತ್ತುಕೊಂಡು ಹೋದವನು ಹಾಗೆಯೇ ಹೊತ್ತುಕೊಂಡು ಬಂದಿದ್ದಾನೆ ಎನ್ನುವುದನ್ನು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ದಿನಸಿ ಅಂಗಡಿಯವನು ಮೂಟೆಯ ಬಾಯಿ ಬಿಚ್ಚುತ್ತಾ ಎರಡು ಸಲ ಇತ್ತ ನೋಡಿದ. ಮೊದಲ ಸಲ ಸುಮ್ಮನೆ ನೋಡಿದ. ಎರಡನೆಯ ನೋಟದಲ್ಲಿ ಏನೋ ಇತ್ತು. ಅಥವಾ ಇರಲಿಲ್ಲವೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ತನ್ನದು ಎಂದು ಅವನಿಗೆ ತಿಳಿಯದೆ ಇರಲಿಲ್ಲ, ಆದರೂ ಕೈ ತಾನಾಗಿ ಕನ್ನಡಿಯತ್ತ ಹೋಗಿ ಅದನ್ನು ಬೇರೆ ದಿಕ್ಕಿಗೆ ತಿರುಗಿಸಿತು. ತನ್ನ ಮುಖ ತನಗೇ ಕಾಣುವುದು ಬೇಡವಾಗಿತ್ತು.

ಊರಿಗೆ ಅವನು ಕುರ್ಚಿಯಣ್ಣ. ಕುರ್ಚಿ, ಮೇಜು, ಶಾಮಿಯಾನ, ಆಳೆತ್ತರದ ಪಾತ್ರೆಗಳು, ಬಣ್ಣದ ದೀಪದ ಸರಗಳು, ಇವನ್ನೆಲ್ಲ ಬಾಡಿಗೆಗೆ ಕೊಡುವ ಅಂಗಡಿ ಅವನದು. ಮದುವೆಗೂ ಭಾಷಣಕ್ಕೂ ಬಾಡಿಗೆ ಉಂಟು, ಚೌಕಾಶಿಯೂ ಉಂಟು. ಸಾವಿನ ಮನೆಗೆ ಮಾತ್ರ ಬಾಡಿಗೆಯಿಲ್ಲ. ಬಾಡಿಗೆಯ ಮಾತು ಹಾಗಿರಲಿ, ಯಾರೂ ಬಂದು ಕೇಳಬೇಕಾಗಿಯೂ ಇಲ್ಲ. ಅಳುತ್ತಿರುವವರು ಎದ್ದು ಬಂದು ಕುರ್ಚಿ ಕೇಳುವಂತಾಗಬಾರದು ಎನ್ನುವುದು ಅವನು ಮೀಸೆ ಮೂಡುವ ಕಾಲಕ್ಕೇ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಪರ ಊರಿನ ನೆಂಟರು ಬಂದು ಇಳಿಯುವ ಹೊತ್ತಿಗೆ ಮನೆಯ ಮುಂದೆ ಕುರ್ಚಿಗಳು ಇದ್ದೇ ಇರಬೇಕು. ಅದಕ್ಕೆಂದೇ ಬೇರೆ ಕುರ್ಚಿಗಳು: ಕಬ್ಬಿಣದವು, ಮಡಿಚುವಂಥವು, ಪ್ರತಿ ಕಾಲಿಗೂ ರಬ್ಬರಿನ ಬೂಚು ಹಾಕಿದವು. ಅಂಥ ಮನೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಬಾರದು. ಅವುಗಳ ಬೆನ್ನ ಮೇಲಿದ್ದ ಅಂಗಡಿಯ ಹೆಸರನ್ನು ಉಪ್ಪುಕಾಗದ ಹಿಡಿದು ತಾನೇ ಉಜ್ಜಿ ಅಳಿಸಿದ್ದ. ಹೆಸರಿಲ್ಲದ ಕುರ್ಚಿ ಯಾರದೆಂದು ಊರಿಗೆಲ್ಲ ಗೊತ್ತು ಎನ್ನುವುದು ಅವನಿಗೂ ಗೊತ್ತಿತ್ತು, ಅದರಲ್ಲೊಂದು ಸಣ್ಣ ಸುಖವೂ ಇತ್ತು. ಆ ಸುಖದ ಕಡೆಗೆ ಅವನು ಯಾವತ್ತೂ ನೆಟ್ಟಗೆ ನೋಡಿರಲಿಲ್ಲ.

ಯಾರೂ ಹೇಳದೆ ತಿಳಿಯಬೇಕಲ್ಲ, ಹಾಗಾಗಿ ಮನೆಗಳ ಮುಖ ನೋಡಿ ಸಾವನ್ನು ಗುರುತಿಸುವುದು ಅವನಿಗೆ ಕರಗತವಾಗಿತ್ತು. ಬಾಗಿಲಿನ ಎರಡೂ ಕದ ಹಾರುಹೊಡೆದಿರುತ್ತವೆ. ಮೆಟ್ಟಿಲ ಬಳಿ ಚಪ್ಪಲಿಗಳು ಗುಡ್ಡೆ ಬಿದ್ದಿರುತ್ತವೆ, ಜೋಡಿ ತಪ್ಪಿ. ಎಲ್ಲಕ್ಕಿಂತ ಖಚಿತವಾದ ಗುರುತೆಂದರೆ, ಬೆಳಗಿನ ಹೊತ್ತು ಯಾವಾಗಲೂ ಕೈಯಲ್ಲಿ ಏನಾದರೊಂದು ಹಿಡಿದಿರುವ ಅಕ್ಕಪಕ್ಕದ ಹೆಂಗಸರು ಬರಿಗೈಯಲ್ಲಿ ಬಾಗಿಲ ಬಳಿ ನಿಂತಿರುತ್ತಾರೆ. ಈ ಮೂರೂ ಇವತ್ತು ಬೆಳಿಗ್ಗೆ ಕತ್ತರಿ ತಾತನ ಮನೆಯ ಮುಂದೆ ಇದ್ದವು. ಕತ್ತರಿ ತಾತನೆಂದರೆ ಕುರ್ಚಿಯಣ್ಣನ ಅಂಗಡಿಗೆ ಅಂಟಿಕೊಂಡೇ ಇರುವ ಕ್ಷೌರದಂಗಡಿಯ ಮುದುಕ. ಊರಿನ ಮೂರು ತಲೆಮಾರಿನ ತಲೆಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿದವನು. ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದ. ಕೆಲವು ದಿನಗಳಿಂದ ಕಣ್ಣನ್ನೇ ಬಿಟ್ಟಿಲ್ಲ, ಇನ್ನು ಹೆಚ್ಚು ಕಾಲ ಇಲ್ಲ ಎಂದು ಡಾಕ್ಟರು ಹೇಳಿದ ಸುದ್ದಿ ನಿನ್ನೆ ಬೀದಿಯೆಲ್ಲ ಓಡಾಡಿತ್ತು. ಅವನು ವ್ಯಾನು ನಿಲ್ಲಿಸಿದ, ಹಿಂದಿನ ಬಾಗಿಲು ತೆಗೆದ, ಎಂದಿನ ಹಾಗೆ ಯಾರ ಮುಖವನ್ನೂ ನೋಡದೆ ತಲೆ ತಗ್ಗಿಸಿ ಒಂದೊಂದೇ ಕುರ್ಚಿಯನ್ನು ಗೋಡೆಗೆ ಬೆನ್ನು ಮಾಡಿ ಬಿಡಿಸಿ ಇಡುತ್ತಾ ಬಂದ. ಒಂದು ಕುರ್ಚಿಯ ಕಾಲಿನ ಬೂಚು ಎಲ್ಲೋ ಬಿದ್ದುಹೋಗಿತ್ತು. ಅದು ಕಲ್ಲುಚಪ್ಪಡಿಯ ಮೇಲೆ ಕರ್ರೆಂದು ಕಿರುಗುಟ್ಟಿದ್ದಕ್ಕೆ ಅವನೇ ಹಲ್ಲು ಕಚ್ಚಿಕೊಂಡ. ಆಗ ತಾತನ ಮಗಳು ಹೊರಗೆ ಬಂದಳು. ಅವಳ ಕೈಯಲ್ಲಿ ಒಂದು ಲೋಟ ಇತ್ತು.

"ಕುರ್ಚಿಯಣ್ಣ, ಏನಿದು?"

ಅವನು ಎಲ್ಲ ಮನೆಗಳಲ್ಲೂ ಹೇಳುವ ಮಾತನ್ನೇ ಹೇಳಿದ. "ನೀನು ಒಳಗಿರು ತಂಗಿ. ಹೊರಗಿನದೆಲ್ಲ ನಾನು ನೋಡ್ಕೋತೀನಿ."

"ಅಪ್ಪ ಕಣ್ಣು ಬಿಟ್ಟಿದಾರೆ," ಎಂದಳು ಅವಳು. "ಹಾಲು ಕೇಳಿದ್ರು. ಗಾಳಿ ಬರ್ಲಿ ಅಂತ ಮಂಚ ಮುಂದಿನ ಕೋಣೆಗೆ ತಂದ್ವಿ, ಅದಕ್ಕೆ ಬಾಗಿಲು ತೆಗೆದಿದ್ದು."

ಬಾಗಿಲ ಬಳಿ ನಿಂತಿದ್ದವರಲ್ಲಿ ಯಾರೋ ಒಬ್ಬರು ನಗು ತಡೆಯಲಾರದೆ ಕೆಮ್ಮಿದರು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಹಾಲಿನ ಲೋಟದ ಮೇಲೆ ಅಂಗೈ ಮುಚ್ಚಿ, ಬೀದಿಯ ಧೂಳು ಬೀಳಬಾರದೆನ್ನುವ ಹಾಗೆ, ತೀರ ಮೆಲ್ಲಗೆ, "ತಗೊಂಡು ಹೋಗಿ," ಎಂದಳು. ಇಟ್ಟ ಕುರ್ಚಿಗಳನ್ನು ಈಗ ಒಂದೊಂದಾಗಿ ಮಡಿಚಬೇಕಿತ್ತು. ಕಬ್ಬಿಣದ ಕುರ್ಚಿ ಬಿಡಿಸುವಾಗ ಸದ್ದು ಮಾಡುವುದಿಲ್ಲ. ಮಡಿಚುವಾಗ ಮಾತ್ರ ಟಪ್ಪೆನ್ನುತ್ತದೆ, ಎಷ್ಟು ನಾಜೂಕಾಗಿ ಮಡಿಚಿದರೂ. ಆ ಸಾಲಿನ ಕೊನೆಯ ತನಕ ಅವನು ಟಪ್ ಟಪ್ಪೆಂದು ಮಡಿಚುತ್ತಾ ಹೋದ. ಯಾರೂ ಒಂದು ಕೈ ಹಚ್ಚಲಿಲ್ಲ, ಯಾರೂ ಒಂದು ಮಾತು ಬಯ್ಯಲೂ ಇಲ್ಲ.

ಕೊನೆಗೂ ವ್ಯಾನಿನಿಂದ ಇಳಿದು, ಹಿಂದಿನ ಬಾಗಿಲ ಗೋಜಿಗೆ ಹೋಗದೆ, ಅಂಗಡಿಯ ಒಳಗೆ ಬಂದ. ಹೆಂಡತಿ ನೆಲದ ಮೇಲೆ ದೀಪದ ಸರ ಹರಡಿಕೊಂಡು ಯಾವ ಬಲ್ಬು ಸತ್ತಿದೆ ಎಂದು ಒಂದೊಂದೇ ತಿರುಗಿಸಿ ನೋಡುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಅವಳನ್ನು ಮುಟ್ಟಿತ್ತು. ಈ ಊರಿನಲ್ಲಿ ಸುದ್ದಿಗೆ ವ್ಯಾನು ಬೇಕಿಲ್ಲ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದೀನಿ," ಎಂದಳು, ತಲೆಯೆತ್ತದೆ. "ನೀವು ಅದರ ಇನ್ನೊಂದು ತುದಿ ಹಿಡ್ಕೊಂಡ್ರಿ ನೋಡಿ. ಯಮನೂ ಸ್ವಲ್ಪ ತಡಿಯಪ್ಪ ಅಂದಿರ್ತಾನೆ." ಅವಳಿಗೆ ನಗು ಉಕ್ಕಿತು. ಅವನೂ ನಗಬಹುದೆಂದು ಮುಖ ನೋಡಿದಳು, ನೋಡಿ ನಗು ನುಂಗಿಕೊಂಡಳು. ಮೂವತ್ತು ವರ್ಷ ಬಾಳಿದವಳಿಗೆ ಗಂಡನ ಯಾವ ಮುಖಕ್ಕೆ ನಗಬಹುದು, ಯಾವುದಕ್ಕೆ ನಗಬಾರದು ಎಂದು ತಿಳಿಯದೆ ಇರುತ್ತದೆಯೇ. ಸ್ವಲ್ಪ ಹೊತ್ತು ಬಲ್ಬುಗಳನ್ನೇ ತಿರುಗಿಸುತ್ತಿದ್ದು, ಮತ್ತೆ ಬೇರೆ ದನಿಯಲ್ಲಿ ಕೇಳಿದಳು. "ಅಲ್ಲಾ ರೀ, ಬೆಳಿಗ್ಗೆ ಕಾಫಿ ಕುಡಿದವರು ಹಾಗೇ ಹೊರಟ್ರಲ್ಲ. ವ್ಯಾನಿಗೆ ಕುರ್ಚಿ ಯಾವಾಗ ತುಂಬಿದ್ರಿ?"

ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬೀದಿಯ ಕಡೆ ತಿರುಗಿದ. ಅವಳು ಎರಡನೆಯ ಸಲ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡಳೋ ಏನೋ, ಸರದ ಉಳಿದ ಭಾಗವನ್ನು ಹತ್ತಿರಕ್ಕೆ ಎಳೆದುಕೊಂಡಳು.

ನಿನ್ನೆ ಸಂಜೆಯೇ ತುಂಬಿದ್ದ. ಅದು ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಹೆಂಡತಿ ಅದರ ಮೇಲೆ ಬೆರಳಿಟ್ಟಿದ್ದಳು. ಡಾಕ್ಟರು ಹಾಗೆಂದರಂತೆ ಎಂದು ದಿನಸಿಯವನು ಹೇಳಿದ ಮೇಲೆ ಅವನು ಗೋದಾಮಿಗೆ ಹೋಗಿ ಒಳ್ಳೊಳ್ಳೆಯ ಕುರ್ಚಿಗಳನ್ನು ಆರಿಸಿದ್ದ. ತಾತನಲ್ಲವೇ, ಊರೆಲ್ಲ ಸೇರುತ್ತದೆ, ತುಕ್ಕು ಹಿಡಿದವು ಬೇಡ. ಕೀಲುಗಳಿಗೆ ಎಣ್ಣೆ ಬಿಟ್ಟಿದ್ದ, ಕೂರುವ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದ. ಒರೆಸುತ್ತಾ ಏನೋ ಒಂದು ಹಾಡಿನ ಸಾಲನ್ನು ಗುನುಗಿದ್ದ. ಯಾವ ಹಾಡು ಎಂದು ಈಗ ನೆನಪಿಲ್ಲ, ಗುನುಗಿದ್ದು ಮಾತ್ರ ನೆನಪಿದೆ. ದುಃಖವಾಗಿತ್ತು, ಸುಳ್ಳಲ್ಲ; ಆದರೆ ದುಃಖದ ಅಡಿಯಲ್ಲಿ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡವನ ನೆಮ್ಮದಿಯಂಥದೂ ಒಂದಿತ್ತು. ಯಾರ ಮನೆಗೆ ಹೋಗುವುದಕ್ಕೂ ತಾತನ ಬೀದಿ ದಾರಿಯಲ್ಲ, ಆದರೂ ಬೆಳಿಗ್ಗೆ ಎದ್ದವನು ಆ ಬೀದಿಗೇ ವ್ಯಾನು ತಿರುಗಿಸಿದ್ದ. ಹಾಗಾದರೆ ತಾನು ಕಾಯುತ್ತಿದ್ದೆನೇ? ಒಬ್ಬ ಮನುಷ್ಯ ಸಾಯಲಿ ಎಂದು ಬಯಸುವುದು ಬೇರೆ, ಸತ್ತರೆ ಎಂದು ಸಿದ್ಧವಾಗಿರುವುದು ಬೇರೆ ಎಂದು ಅವನು ತನಗೆ ತಾನೇ ವಕೀಲಿ ಮಾಡಿದ. ಮಾಡಿದಷ್ಟೂ ಎದುರು ಕಡೆಯ ವಕೀಲನೇ ಗೆಲ್ಲುತ್ತಿದ್ದ. ಹೋದ ವರ್ಷ ಮದುಮಗಳ ಅತ್ತೆಯೊಬ್ಬಳು ಪ್ಲಾಸ್ಟಿಕ್ ಕುರ್ಚಿಗಳನ್ನು ಮುಟ್ಟಿ ನೋಡಿ, "ಇವು ಆ ಮನೆಗಳಿಗೆ ಹೋಗೋವಲ್ಲ ತಾನೇ?" ಎಂದು ಕೇಳಿದ್ದಳು, ಅವನು ದೊಡ್ಡದಾಗಿ ನಕ್ಕು ಅಲ್ಲಮ್ಮ ಎಂದಿದ್ದ. ವ್ಯಾನು ನಿಧಾನ ಮಾಡಿದಾಗ ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡ ಹೆಂಗಸು. ಆಸ್ಪತ್ರೆಯ ಗೇಟಿನಲ್ಲಿ ಎದುರಾದಾಗ ಮೊಬೈಲು ನೋಡುವ ನೆಪ ಮಾಡಿದ ಪರಿಚಯದವನು. ಅವರದೆಲ್ಲ ತಿಳಿಗೇಡಿತನ ಎಂದುಕೊಂಡು ಕ್ಷಮಿಸುತ್ತಾ ಬಂದಿದ್ದ. ಕ್ಷಮಿಸುವುದರಲ್ಲೂ ಅವನಿಗೊಂದು ಸುಖ ಇತ್ತು. ಇವತ್ತು ಮೊದಲ ಸಲ ಅವರ ಜಾಗದಲ್ಲಿ ನಿಂತು ತನ್ನ ವ್ಯಾನು ಬರುವುದನ್ನು ನೋಡಿದ ಹಾಗಾಯಿತು. ತಾನು ಬಂದೆನೆಂದರೆ ಯಾರೋ ಹೋದರೆಂದೇ ಅರ್ಥ.

ಮಧ್ಯೆ ಯಾರೋ ಗಿರಾಕಿಗಳು ಬಂದರು. ಶಾಮಿಯಾನದ ಅಳತೆ ಕೇಳಿದರು, ಅವನು ಪಾತ್ರೆಯ ಅಳತೆ ಹೇಳಿದ. ಹೆಂಡತಿ ಎದ್ದು ಬಂದು ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ವ್ಯವಹಾರ ತಾನೇ ಮುಗಿಸಿ ಕಳಿಸಿದಳು. ಸರಿದ ಕಡೆ ನಿಂತರೆ ಪಕ್ಕದ ಕ್ಷೌರದಂಗಡಿಯ ಮುಚ್ಚಿದ ಶಟರು ಕಾಣುತ್ತಿತ್ತು. ಶಟರಿನ ಕೆಳಗೆ ಗಾಳಿ ತಂದು ಗುಡ್ಡೆ ಹಾಕಿದ ಒಣ ಎಲೆ, ಕಾಗದದ ಚೂರು. ಬೇಸಿಗೆಯಿಂದ ದಿನವೂ ಅದರ ಮುಂದೆಯೇ ಓಡಾಡಿದ್ದಾನೆ. ಮೂರು ಬೀದಿಯಾಚೆಗಿನ ಆ ಮನೆಗೆ ಒಂದು ದಿನವೂ ಹೋಗಿರಲಿಲ್ಲ. ಇವತ್ತು ಬೇಡ, ನಾಳೆ ಹೋದರಾಯಿತು. ನಾಳೆ ಒಂದು ಸಭೆಯ ಕೆಲಸ ಇದೆ, ನಾಡಿದ್ದು ಎಂದು ಮುಂದೂಡುತ್ತಲೇ ಬಂದಿದ್ದ. ಹೋಗಿ ಏನು ಮಾಡುವುದು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಕುರ್ಚಿ ಹೊತ್ತುಕೊಂಡಾದರೆ ಯಮನ ಮನೆಯೊಳಗೂ ನುಗ್ಗುತ್ತಿದ್ದ. ಬರಿಗೈಯಲ್ಲಿ ಒಬ್ಬ ಕಾಯಿಲೆ ಮನುಷ್ಯನ ಮುಂದೆ ನಿಲ್ಲುವುದೆಂದರೆ ಅವನಿಗೆ ಕಾಲೇ ಏಳುತ್ತಿರಲಿಲ್ಲ. ಇದನ್ನು ಈಗ ಯಾರಿಗೆ ಹೇಳುವುದು? ಹೇಳಿದರೆ ನಂಬುವವರು ಯಾರು? ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಹೆಂಡತಿ ಎಷ್ಟೋ ಸಲ ರೇಗಿಸಿದ್ದಳು. ಪಕ್ಕದ ಅಂಗಡಿಯವನಿಗೂ ಮಾರಿ ಎಂದು ಯಾರೂ ಸೇರಿಸಿರಲಿಲ್ಲ.

ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಿದ್ದಾಗ ತಾತನ ಮಗಳು ಬಂದಳು. ಅವಳನ್ನು ಅವನು ಬೀದಿಯ ತಿರುವಿನಲ್ಲೇ ಕಂಡ. ಮುಗಿಯಿತು, ಎಂದುಕೊಂಡ. ಹಾಲು ಕುಡಿದು ಮುಗಿಯಿತು. ಬೆಳಿಗ್ಗೆ ತಾನಿಟ್ಟ ಕುರ್ಚಿಯ ಸದ್ದೇ ಮುದುಕ ಕೇಳಿದ ಕೊನೆಯ ಸದ್ದು. ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ಹೊಸ್ತಿಲಿಗೆ ಬಂದಿದ್ದ.

"ಅಪ್ಪ ಕರೀತಿದಾರೆ," ಎಂದಳು. ಮುಖದಲ್ಲಿ ನಿದ್ದೆಗೆಟ್ಟ ಸಿಟ್ಟು ಇನ್ನೂ ಇತ್ತು. "ನಾನು ಬೇಡ ಅಂದೆ. ಕೇಳಲ್ಲ. ಕುರ್ಚಿಯವನನ್ನ ಕರ್ಕೊಂಡು ಬಾ, ಕರ್ಕೊಂಡು ಬಾ ಅಂತ ಒಂದೇ ಹಟ."

"ಬಯ್ಯೋಕಾ?"

"ನನಗೇನು ಗೊತ್ತು. ಬಯ್ದರೂ ಬಯ್ಸ್ಕೊಳ್ಳಿ."

ಅವನು ವ್ಯಾನಿನ ಕಡೆ ಹೋದವನು ನಿಂತ. ಹಿಂದೆ ಕುರ್ಚಿಗಳು ಹಾಗೇ ಇದ್ದವು. ನಡೆದೇ ಹೋದರಾಯಿತು ಎಂದು ಎರಡು ಹೆಜ್ಜೆ ಇಟ್ಟ. ಅವಳು ಆಗಲೇ ವ್ಯಾನಿನ ಮುಂದಿನ ಸೀಟು ಹತ್ತಿ ಕೂತಿದ್ದಳು. "ಕಾಲಲ್ಲಿ ಶಕ್ತಿಯಿಲ್ಲ ಕಣಣ್ಣ, ಓಡಿ ಬಂದಿದೀನಿ," ಎಂದು ಕಣ್ಣು ಮುಚ್ಚಿಕೊಂಡಳು. ದಾರಿಯಲ್ಲಿ ಪ್ರತಿ ಹಳ್ಳಕ್ಕೂ ಹಿಂದಿನಿಂದ ಕುರ್ಚಿಗಳು ಕಟಕಟ ಎನ್ನುತ್ತಿದ್ದವು. ಇಬ್ಬರೂ ಕೇಳಿಸಿಕೊಳ್ಳದವರ ಹಾಗೆ ಕೂತಿದ್ದರು.

ಮುಂದಿನ ಕೋಣೆಯ ಕಿಟಕಿಯ ಬಳಿ ಮಂಚ ಹಾಕಿದ್ದರು. ತಾತ ದಿಂಬಿನೊಳಗೆ ಅರ್ಧ ಮುಳುಗಿದ್ದ. ಸದಾ ನುಣ್ಣಗಿರುತ್ತಿದ್ದ ಕೆನ್ನೆಯ ಮೇಲೆ ಬಿಳಿ ಗಡ್ಡ ಎದ್ದಿತ್ತು. ಊರಿನ ಗಡ್ಡಗಳನ್ನೆಲ್ಲ ಕೆರೆದವನ ಮುಖದಲ್ಲಿ ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು, ಬಟ್ಟೆಯಿಲ್ಲದವರನ್ನು ಅಕಸ್ಮಾತ್ತಾಗಿ ನೋಡಿದ ಹಾಗೆ. ಕಣ್ಣು ಮಾತ್ರ ಹಳೆಯದೇ. ಕನ್ನಡಿಯಲ್ಲಿ ಗಿರಾಕಿಯ ತಲೆಯ ಸುತ್ತಳತೆ ನೋಡುತ್ತಿದ್ದ ಕಣ್ಣು.

"ಬಂದ್ಯಾ," ಎಂದ ತಾತ. ದನಿ ತೆಳ್ಳಗಾಗಿತ್ತು, ಆದರೆ ನಾಲಿಗೆಗೆ ಏನೂ ಆಗಿರಲಿಲ್ಲ. "ನಿನ್ನ ಒಂದು ಕುರ್ಚಿ ಕಾಲಿಗೆ ಬೂಚಿಲ್ಲ ಕಣೋ."

"ತಪ್ಪಾಯ್ತು ತಾತ."

"ಯಾವುದು? ಬೂಚು ಹಾಕದಿದ್ದದ್ದಾ?"

ಅವನು ನೆಲ ನೋಡಿದ. ಅಲ್ಲ ಎನ್ನಬೇಕಿತ್ತು. ತಪ್ಪು ಯಾವುದೆಂದು ಹೇಳಲು ಹೊರಟರೆ ಎಲ್ಲಿಂದ ಶುರು ಮಾಡುವುದು, ನಿನ್ನೆ ಸಂಜೆಯ ಎಣ್ಣೆಯಿಂದಲೋ, ಗುನುಗಿದ ಹಾಡಿನಿಂದಲೋ?

"ನಾನು ಬಿದ್ದಾಗಿಂದ ಎಷ್ಟು ಸಲ ಬಂದೆ ನೀನು?" ತಾತ ಕೇಳಿದ. ಬೈತಲೆ ಎಡಕ್ಕೋ ಬಲಕ್ಕೋ ಎಂದು ಕೇಳುತ್ತಿದ್ದ ಅದೇ ದನಿ. "ಇವತ್ತು ಬಂದೆ. ಅದೂ ನಾನು ಹೋದೆ ಅಂತ."

"ಬರಿಗೈಲಿ ಹೇಗೆ ಬರೋದು ತಾತ," ಎಂದ ಅವನು. ತಾನು ಇದನ್ನು ಬಾಯಿಬಿಟ್ಟು ಹೇಳಿಬಿಟ್ಟೆನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. "ಬಂದು ಏನು ಮಾಡ್ಲಿ ಅಂತ... ನನಗೆ ಅದು ಗೊತ್ತಾಗಲ್ಲ."

"ಏನು ಮಾಡೋದಾ?" ತಾತ ಉಸಿರಿಗಾಗಿ ಸ್ವಲ್ಪ ಕಾದ. "ಜೀವಮಾನವೆಲ್ಲ ನಾನು ಕತ್ತರಿ ಆಡಿಸಿದ್ದು ಕಾಲು ಪಾಲು, ಮಾತಾಡಿದ್ದು ಮುಕ್ಕಾಲು ಪಾಲು. ನಾನು ಬಿದ್ದ ಮೇಲೆ ಬರೋರು ಬಾಗಿಲಲ್ಲಿ ನಿಲ್ತಾರೆ. ಹೇಗಿದೀರಿ ಅಂತಾರೆ. ನಾನು ಹೀಗಿದೀನಿ ಅಂತ ಬಾಯಿ ತೆಗೆಯೋದ್ರೊಳಗೆ, ಸುಸ್ತಾಗುತ್ತೆ ಮಾತಾಡ್ಬೇಡಿ ಅಂತ ಹೊರಟುಬಿಡ್ತಾರೆ. ಹೋದ ಪುಟ್ಟ ಬಂದ ಪುಟ್ಟ. ಅವರದೂ ತಪ್ಪಲ್ಲ ಬಿಡು. ಈ ಮನೇಲಿ ಕೂರೋಕೆ ಏನಿದೆ? ನಿಂತವನು ಎಷ್ಟು ಹೊತ್ತು ನಿಲ್ತಾನೆ?" ಮತ್ತೆ ಉಸಿರು. "ಬೆಳಿಗ್ಗೆ ನಿನ್ನ ಕುರ್ಚಿ ಸದ್ದು ಕೇಳಿದಾಗ ನನಗೆ ಏನನ್ನಿಸ್ತು ಗೊತ್ತಾ? ಸದ್ಯ, ಜನ ಬರ್ತಾರೆ ಅನ್ನಿಸ್ತು. ಆಮೇಲೆ ನೀನು ಮಡಿಚಿದೆ. ಟಪ್ಪು, ಟಪ್ಪು, ಟಪ್ಪು. ಅದನ್ನ ಕೇಳ್ತಾ ಮಲಗೋದು ಎಷ್ಟು ಬೇಜಾರು ಅಂತ ನಿನಗೆ ಗೊತ್ತಿಲ್ಲ ಕಣೋ. ವಾಪಸ್ ಯಾಕೆ ತಗೊಂಡು ಹೋದೆ?"

ಗೋಡೆಗೆ ಒರಗಿ ನಿಂತಿದ್ದ ಮಗಳು ತಂದೆಯ ಕಡೆಗೊಮ್ಮೆ ಅವನ ಕಡೆಗೊಮ್ಮೆ ನೋಡಿದಳು.

"ಇಳಿಸು," ಎಂದ ತಾತ.

"ಅಪ್ಪಾ! ಆ ಕುರ್ಚಿ ಹಾಕಿದ್ರೆ ಜನ ಏನಂದ್ಕೋತಾರೆ?"

"ಅಂದ್ಕೊಂಡೇ ಬರ್ಲಿ. ಬರ್ತಾರಲ್ಲ."

ಈ ಕುರ್ಚಿಗಳು ಮತ್ತೆ ಬಾಗಿಲಿಗೆ ಬಂದರೆ ಬೆಳಿಗ್ಗೆ ತಪ್ಪಿಹೋದದ್ದು ದಾರಿ ಗುರುತಿಟ್ಟುಕೊಂಡು ತಿರುಗಿ ಬಂದೀತು ಎಂಬ ಹೆದರಿಕೆ ಅವಳದು. ಹೇಳದಿದ್ದರೂ ಅವನಿಗೆ ಅರ್ಥವಾಯಿತು. ಬೇರೆ ದಿನವಾಗಿದ್ದರೆ ಅವನು ಹೊರಗೆ ಹೋಗಿ ಇಳಿಸಲು ಶುರು ಮಾಡಿಯೇ ಬಿಡುತ್ತಿದ್ದ. ಯಾರನ್ನೂ ಕೇಳುವುದು ಅವನ ಪದ್ಧತಿಯಲ್ಲ. ಇವತ್ತು ಅವಳ ಮುಂದೆ ಹೋಗಿ ನಿಂತು, "ನೀನು ಹೂಂ ಅಂದ್ರೆ ಮಾತ್ರ ತಂಗಿ," ಎಂದ. "ಇಲ್ಲಾಂದ್ರೆ ಇಲ್ಲ."

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಪ್ಲಾಸ್ಟಿಕ್ ಕುರ್ಚಿ ಇಲ್ವಾ? ಆ ಬಿಳೀವು?"

"ಎಲ್ಲಾ ಮದುವೆಗೆ ಹೋಗಿವೆ."

ಅದು ನಿಜವೇ ಆಗಿತ್ತು. ಆದರೆ ಅವನು ಅದನ್ನು ಹೇಳಿದ ರೀತಿಗೋ, ಊರಲ್ಲಿ ಇವತ್ತು ಸಾವಿನ ಕುರ್ಚಿಗಳು ಮಾತ್ರ ಬಿಡುವಾಗಿವೆ ಎನ್ನುವ ಹಣೆಬರಹಕ್ಕೋ, ಅವಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಅತ್ತಳು, ಅಳುತ್ತಲೇ ಕೈ ಬೀಸಿ ಹೂಂ ಎಂದಳು.

ಹೊರಗೆ ಬಂದರೆ ಬೀದಿ ಬೆಳಗಿನದೇ. ಅದೇ ಕಲ್ಲುಚಪ್ಪಡಿ, ಅದೇ ಗೋಡೆ. ಹಾಡಹಗಲಿನಲ್ಲಿ ಎರಡನೆಯ ಸಲ ಅದೇ ತಪ್ಪು ಮಾಡಬೇಕು, ಈ ಸಲ ಬೇಕೆಂತಲೇ. ಮೊದಲ ಕುರ್ಚಿ ಇಳಿಸುವಾಗ ಅಂಗೈ ಬೆವೆತು ಕಬ್ಬಿಣ ಜಾರಿತು. ಎದುರು ಮನೆಯ ಕಿಟಕಿಯ ಪರದೆ ಅಲುಗಿತು. ಅವನು ತಲೆಯೆತ್ತಿ ಆ ಪರದೆಯ ಕಡೆಗೇ ನೋಡಿದ, ಪರದೆ ಸುಮ್ಮನಾಯ್ತು. ಒಳಗೆ ಮಂಚದ ಸುತ್ತ ಒಂದಿಷ್ಟು ಇಟ್ಟ, ಪಡಸಾಲೆಯಲ್ಲಿ ಒಂದಿಷ್ಟು, ಉಳಿದದ್ದನ್ನು ಬಾಗಿಲ ಮುಂದೆ. ಬೂಚಿಲ್ಲದ ಕುರ್ಚಿಯನ್ನು ವ್ಯಾನಿನಲ್ಲೇ ಬಿಡಲು ಹೋದವನು, ಏನನ್ನಿಸಿತೋ, ಅದನ್ನೂ ತಂದು ಬಿಡಿಸಿದ. ಅದು ಮತ್ತೆ ಕರ್ರೆಂದಿತು. "ಅದೇ," ಎಂದಿತು ಒಳಗಿನಿಂದ ತಾತನ ದನಿ.

ಮೊದಲು ಬಂದವನು ದಿನಸಿ ಅಂಗಡಿಯವನು, ತಾತನ ಮಗಳನ್ನು ಕೂರಿಸಿಕೊಂಡು ವ್ಯಾನು ಹೊರಟದ್ದನ್ನು ಕಂಡಿದ್ದವನು. ಶಟರು ಅರ್ಧ ಎಳೆದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಮುಖವನ್ನು ಎಷ್ಟು ಬೇಕೋ ಅಷ್ಟು ಇಳಿಬಿಟ್ಟುಕೊಂಡು ಬಂದ. ಕುರ್ಚಿಯಣ್ಣನ ಭುಜದ ಮೇಲೆ ಕೈಯಿಟ್ಟು ಪಿಸುಗುಟ್ಟಿದ. "ಯಾವಾಗ?"

"ಯಾವಾಗ ಅಂತ ಡಾಕ್ಟರಿಗೇ ಗೊತ್ತಿಲ್ಲ, ಅವನಿಗೇನು ಗೊತ್ತು? ಒಳಗೆ ಬಾರೋ," ಎಂದಿತು ಕಿಟಕಿ.

ದಿನಸಿಯವನು ಒಂದು ಮಾರು ಹಿಂದಕ್ಕೆ ಹಾರಿದ. ಆಮೇಲೆ ಒಳಗೆ ಹೋಗದೆ ವಿಧಿಯಿರಲಿಲ್ಲ. "ನಿನ್ನ ಮುಖ ನೋಡಿದ್ರೆ ನನಗಿಂತ ಮುಂಚೆ ನೀನೇ ಹೊರಡೋ ಹಾಗಿದೀಯ," ಎಂದ ತಾತ. "ಕೂತ್ಕೋ." ಅವನು ಕೂತ. ಹಿಂದೆಯೇ ಬೀದಿ ತಿರುವಿನಿಂದಲೇ ದನಿ ತೆಗೆದು ಅಳುತ್ತಾ ಬಂದ ಹಾಲಿನವಳು, ತಾತ ಕೈಯಾಡಿಸುವುದನ್ನು ಕಂಡ ಮೇಲೂ ಕೂಡಲೇ ನಿಲ್ಲಿಸಲಾಗದೆ ಇನ್ನೊಂದಿಷ್ಟು ಅತ್ತು, ಕೊನೆಗೆ ತನ್ನ ಮೇಲೆ ತಾನೇ ಸಿಟ್ಟಾಗಿ ಸುಮ್ಮನಾದಳು. ಗಾರೆ ಕೆಲಸದವನು ಬಂದ, ಔಷಧಿ ಅಂಗಡಿಯವನು ಬಂದ, ಬೆಳಿಗ್ಗೆ ಕೆಮ್ಮಿದವರೂ ಬಂದರು. ಬಂದವರು ಯಾರೂ ಎದ್ದು ಹೋಗುವಂತಿರಲಿಲ್ಲ. ಸತ್ತನೆಂದು ಓಡಿ ಬಂದು, ಬದುಕಿದ್ದಾನೆಂದು ತಿಳಿದ ಕೂಡಲೇ ಹೊರಟುಬಿಟ್ಟರೆ ಅದಕ್ಕೇನು ಅರ್ಥ? ಯಾವ ಮುಖ ಹೊತ್ತು ಏಳುವುದು? ಹಾಗಾಗಿ ಎಲ್ಲರೂ ಕೂತರು. ಕೂತ ಮೇಲೆ ಸುಮ್ಮನಿರುವುದು ಹೇಗೆ? ಔಷಧಿ ಅಂಗಡಿಯವನಿಗೆ ತಾತ ಮೊದಲ ಸಲ ಗಡ್ಡ ಮಾಡುವಾಗ ಆದ ರಕ್ತಪಾತದ ಕಥೆ ಹೊರಬಂತು. ತಾತ ಎರಡು ಮಾತಾಡಿ ಉಸಿರಿಗೆ ನಿಂತರೆ ಮೂರನೆಯದನ್ನು ಬೇರೆ ಯಾರೋ ಮುಗಿಸುತ್ತಿದ್ದರು, ಮುಗಿಸಿದ್ದು ಸರಿಯಿಲ್ಲವೆಂದು ತಾತ ಬೆರಳೆತ್ತಿ ತಿದ್ದುತ್ತಿದ್ದ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಾ ನಿಂತಲ್ಲೇ ತೂಕಡಿಸುತ್ತಿದ್ದಳು. ಹಾಲಿನವಳು ಅವಳನ್ನು ಕರೆದೊಯ್ದು ಒಳಕೋಣೆಯಲ್ಲಿ ಮಲಗಿಸಿ ಬಂದಳು.

ಕುರ್ಚಿಯಣ್ಣ ಎಲ್ಲರಿಗೂ ನೀರು ಕೊಟ್ಟ. ಚಪ್ಪಲಿಗಳನ್ನು ಜೋಡಿ ಮಾಡಿಟ್ಟ. ಕುರ್ಚಿಗಳ ಸಾಲನ್ನು ಒಂದು ಗೇಣು ಆಚೆ, ಒಂದು ಗೇಣು ಈಚೆ ಸರಿಸಿದ. ಬೆಳಗಿನ ಭಾರ ಎದೆಯಿಂದ ಅರ್ಧ ಇಳಿದಿತ್ತು. ಜನ ಇನ್ನೂ ಬರುತ್ತಿದ್ದರು, ಬಾಗಿಲ ಮುಂದೆ ನಾಲ್ಕಾರು ಮಂದಿ ನಿಂತೇ ಇದ್ದರು. ಅದನ್ನು ಕಂಡದ್ದೇ ಅವನಿಗೆ ಜೀವ ಬಂದ ಹಾಗಾಯಿತು. ಗೋದಾಮಿನಲ್ಲಿ ಹಳೆಯವು ಇನ್ನೂ ಇವೆ, ತುಕ್ಕು ಹಿಡಿದಿದ್ದರೂ ಗಟ್ಟಿ. ಜೇಬಿನಿಂದ ಕೀಲಿ ತೆಗೆಯುತ್ತಾ ಮಂಚದ ಪಕ್ಕದಿಂದ ಹಾದುಹೋಗುವಾಗ ತಾತನ ಕೈ ಅವನ ಮಣಿಕಟ್ಟನ್ನು ಹಿಡಿಯಿತು.

"ನೀನೆಲ್ಲಿಗೆ?"

"ಕುರ್ಚಿ ಸಾಲ್ತಿಲ್ಲ ತಾತ. ಈಗ ತಂದ್ಬಿಡ್ತೀನಿ."

"ಬೇರೆ ಯಾರಾದ್ರೂ ತರ್ತಾರೆ. ಕೂತ್ಕೋ."

"ಅವರಿಗೆ ಎಲ್ಲಿದೆ ಅಂತ ಗೊತ್ತಾಗಲ್ಲ..."

"ಕೂತ್ಕೋ ಅಂದೆ."

ಆ ಹಿಡಿತದಲ್ಲಿ ಬಲವೇ ಇರಲಿಲ್ಲ. ಬಿಡಿಸಿಕೊಂಡು ಹೋಗುವುದು ಎಷ್ಟರ ಮಾತು. ಅವನು ಹೋಗಲಿಲ್ಲ. ಅವನ ಅಪ್ಪ ತೀರಿಕೊಂಡ ದಿನ ಮನೆಯಲ್ಲಿ ಕೂರಲು ಏನೂ ಇರಲಿಲ್ಲ, ಜನ ಅಂಗಳದಲ್ಲಿ ನಿಂತಿದ್ದರು, ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಆಗ ಈ ತಾತ ತನ್ನ ಅಂಗಡಿಯ ತಿರುಗುವ ಕುರ್ಚಿಯನ್ನು, ಅದರ ಕಬ್ಬಿಣದ ಬುಡ ಸಮೇತ, ಒಬ್ಬನೇ ಎಳೆದುಕೊಂಡು ಬಂದು ಅಮ್ಮನನ್ನು ಕೂರಿಸಿದ್ದ. ಈ ಕಥೆಯನ್ನು ಕುರ್ಚಿಯಣ್ಣ ಎಷ್ಟೋ ಜನರಿಗೆ ಹೇಳಿದ್ದಾನೆ, ಯಾಕಪ್ಪ ನೀನು ಈ ಕೆಲಸ ಮಾಡ್ತೀಯ ಎಂದು ಕೇಳಿದವರಿಗೆಲ್ಲ ಹೇಳಿದ್ದಾನೆ. ಪ್ರತಿ ಸಲವೂ ಕಥೆ ಅಮ್ಮ ಕೂತಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಏನಾಯಿತೆಂಬುದು ಈಗ, ಈ ಸಣಕಲು ಬೆರಳುಗಳ ಕೆಳಗೆ, ನೆನಪಾಯಿತು. ತಾತ ಕುರ್ಚಿ ಇಟ್ಟು ಹೊರಟುಹೋಗಿರಲಿಲ್ಲ. ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಿದ್ದ. ಅಂಗಡಿ ತೆಗೆಯದೆ, ಏನೂ ಮಾಡದೆ, ಸಂಜೆಯ ತನಕ ಕೂತೇ ಇದ್ದ. ತಾನು ಅವನಿಂದ ಕಲಿತದ್ದು ಕುರ್ಚಿಯನ್ನು ಮಾತ್ರ. ಇಷ್ಟು ವರ್ಷ ಊರಿಗೆಲ್ಲ ಹೊತ್ತು ಹಾಕಿದ್ದು ಆ ಪಾಠದ ಮೊದಲ ಅರ್ಧವನ್ನು. ಅವನಿಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ವ್ಯಾನಿನ ಕೀಲಿಯನ್ನು ದಿನಸಿಯವನ ಕೈಗೆ ಕೊಟ್ಟ. "ಗೋದಾಮಿನ ಎಡಗಡೆ ಮೂಲೇಲಿವೆ. ನನ್ನ ಹೆಂಡತೀನ ಕೇಳು, ತೋರಿಸ್ತಾಳೆ," ಎಂದ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಗಟ್ಟಿಯಾಗಿತ್ತು ಅದು, ಬೆನ್ನಿಗೆ ಒಂದು ಪಟ್ಟಿ ಒತ್ತುತ್ತಿತ್ತು. ಇಷ್ಟು ಜನರನ್ನು ಇದರಲ್ಲಿ ಕೂರಿಸಿದೆನಲ್ಲ ಎಂದುಕೊಂಡ. ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಮೊಣಕಾಲ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ.

"ಏನು ಮಾತಾಡ್ಲಿ ತಾತ?"

"ಏನಾದ್ರೂ. ಈ ತಲೆ ಯಾರು ಕತ್ತರಿಸಿದ್ದು, ಅಲ್ಲಿಂದ ಶುರು ಮಾಡು. ಇಲಿ ಕಚ್ಚಿದ ಹಾಗಿದೆ."

ಅವನು ಮೆಲ್ಲಗೆ ಶುರು ಮಾಡಿದ. ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಆಗಿರುವ ಅಂಗಡಿ, ಒಳಗೆಲ್ಲ ತಂಪು ಗಾಳಿ, ಕೂದಲು ಕತ್ತರಿಸುವವನು ಒಂದು ಮಾತೂ ಆಡುವುದಿಲ್ಲ, ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ತಲೆಯಾಡಿಸುತ್ತಿರುತ್ತಾನೆ. ಹೇಳುತ್ತಿದ್ದ ಹಾಗೆ ಹೊರಗೆ ವ್ಯಾನು ಬಂದು ನಿಂತಿತು. ಹಿಂದಿನ ಬಾಗಿಲನ್ನು ಯಾರೋ ಧಡಾರನೆ ತೆಗೆದರು. ಕುರ್ಚಿಗಳನ್ನು ಎತ್ತಿ ಇಳಿಸುವುದು ಬಿಟ್ಟು ಎಳೆಯುತ್ತಿದ್ದರು, ಕಲ್ಲಿನ ಮೇಲೆ ಕಬ್ಬಿಣ ಅರಚಿತು, ಬಾಗಿಲಿಗೆ ಅಡ್ಡವಾಗಿ ಇಡುತ್ತಿದ್ದಾರೆಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹೋಗಿ ಸರಿಪಡಿಸಲೆಂದು ಅವನು ಕುರ್ಚಿಯಿಂದ ಅರ್ಧ ಎದ್ದ. ಮಾತು ನಡುವೆ ನಿಂತುಹೋಯಿತು.

ತಾತ ಅವನ ಮುಖವನ್ನೇ ನೋಡುತ್ತಿದ್ದ.

"ಆಮೇಲೆ?" ಎಂದ ತಾತ.

ಅವನು ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಹೇಳತೊಡಗಿದ.